ಸಾಗುವಳಿ ಚೀಟಿ ಹಿಡಿದು ಮೂರು ಜಿಲ್ಲೆ

ಮೊದಲ ದಿನ: ತುಮಕೂರು, ಮಧುಗಿರಿ, ಪಾವಗಡ

ಬೆಳಗ್ಗೆ ಆರೂವರೆಯ ಬಸ್ಸು. ಆಯುಧಪೂಜೆಗೆ ಕಟ್ಟಿದ್ದ ಬಾಳೆಕಂದು ಇನ್ನೂ ಬಸ್ಸಿನ ಮೂತಿಯ ಮೇಲೆ ಬಾಡಿ ನೇತಾಡುತ್ತಿತ್ತು. ನನಗೆ ಕಾಲೇಜಿಗೆ ದಸರಾ ರಜೆ. ಚಿಕ್ಕಪ್ಪನಿಗೆ ಅರವತ್ತೆಂಟು ತುಂಬಿದೆ. "ಕಾಲಲ್ಲಿ ಶಕ್ತಿ ಇರೋವಾಗ್ಲೇ ನಾವು ಓಡಾಡಿದ್ ಊರ್ಗಳ್ನ ಒಂದ್ ಸುತ್ತು ನೋಡ್ಕಂಡ್ ಬಂದ್ಬಿಡಾಣ ಕಣಮ್ಮ" ಎಂದು ಅವರು ಹೇಳುತ್ತಾ ಬಂದು ಮೂರು ವರ್ಷವಾಗಿತ್ತು. ಈ ಸಲ ನಾನೇ ಹೊರಡಿಸಿದೆ.

ಅವರ ಕೈಚೀಲದಲ್ಲಿ ಎರಡು ಜೊತೆ ಬಟ್ಟೆ, ಸಕ್ಕರೆ ಕಾಯಿಲೆಯ ಮಾತ್ರೆ, ಟವೆಲ್ಲು. ಅದರಡಿ ಸೀರೆ ಅಂಗಡಿಯ ಕವರಿನಲ್ಲಿ ಸುತ್ತಿಟ್ಟ ಕಾಗದಗಳು. "ಅದನ್ಯಾಕೆ ತಂದ್ರಿ?" ಅಂದೆ. "ಮನೇಲ್ ಬಿಟ್ಟು ಬರಕ್ಕೆ ಮನ್ಸಾಗಲಿಲ್ಲ" ಅಂದರು.

ಆ ಕಾಗದಗಳಲ್ಲಿ ನಮ್ಮ ತಾತನ ಸಾಗುವಳಿ ಚೀಟಿ ಇದೆ. 1958ರಲ್ಲಿ ಸರ್ಕಾರ ತಾತನಿಗೆ ಮಂಜೂರು ಮಾಡಿದ ಎರಡು ಎಕರೆ ನಾಲ್ಕು ಗುಂಟೆಯದು. ಕಂದು ಬಣ್ಣಕ್ಕೆ ತಿರುಗಿದ ಹಾಳೆ. ನಾಲ್ಕು ಮಡಿಕೆ ಬಿದ್ದ ಕಡೆ ಹರಿದು, ಹಿಂದಿನಿಂದ ಯಾರೋ ಅಂಟಿಸಿದ ಟೇಪು ಈಗ ಹಳದಿಯಾಗಿದೆ. ಮೊಹರಿನ ನೀಲಿ ಶಾಯಿ ಹರಡಿಕೊಂಡು ಅರ್ಧ ಅಕ್ಷರ ಕಾಣುವುದಿಲ್ಲ. ಕೆಳಗೆ ತಾತನ ಎಡಗೈ ಹೆಬ್ಬೆಟ್ಟಿನ ಗುರುತು ಮಾತ್ರ ನಿನ್ನೆ ಒತ್ತಿದಷ್ಟು ಸ್ಪಷ್ಟ. 1971ರಲ್ಲಿ ನಮ್ಮ ಅತ್ತೆಯ ಮದುವೆ ಸಾಲಕ್ಕೆ ಆ ಜಮೀನು ಕೈಬಿಟ್ಟಿತು. ಮಂಜೂರಾದ ಜಮೀನನ್ನು ಪರಿಶಿಷ್ಟರಿಂದ ಹೀಗೆ ಕೊಂಡರೆ ಅದು ಊರ್ಜಿತವಲ್ಲ, ಮೂಲ ಕುಟುಂಬಕ್ಕೆ ಮರಳಬೇಕು ಎಂದು 1978ರ ಪಿಟಿಸಿಎಲ್ ಕಾಯ್ದೆ ಹೇಳಿತು. ಚಿಕ್ಕಪ್ಪ 2009ರಲ್ಲಿ ಉಪವಿಭಾಗಾಧಿಕಾರಿ ಕೋರ್ಟಿಗೆ ಅರ್ಜಿ ಹಾಕಿದರು, ಗೆದ್ದರು. ಮೇಲ್ಮನವಿಯಲ್ಲಿ ಸೋತರು. ಅಷ್ಟರಲ್ಲಿ 2017ರ ಸುಪ್ರೀಂ ಕೋರ್ಟ್ ತೀರ್ಪು ಬಂದಿತ್ತು: ನ್ಯಾಯವಾದ ಕಾಲಮಿತಿಯೊಳಗೆ ಅರ್ಜಿ ಹಾಕಿರಬೇಕು. ಓದು ಬಾರದ ತಾತನಿಗೆ ಕಾಯ್ದೆ ಬಂದದ್ದೇ ಗೊತ್ತಿರಲಿಲ್ಲ. ದಲಿತ ಸಂಘಟನೆಗಳು ತಿಂಗಳುಗಟ್ಟಲೆ ಧರಣಿ ಕೂತ ಮೇಲೆ 2023ರಲ್ಲಿ ವಿಧಾನಮಂಡಲ ಕಾಯ್ದೆಗೆ ತಿದ್ದುಪಡಿ ತಂದು ಕಾಲಮಿತಿಯ ಅಡ್ಡಿ ತೆಗೆಯಿತು. ಆಮೇಲೂ ಕೋರ್ಟುಗಳಲ್ಲಿ ಜಗ್ಗಾಟ ನಿಂತಿಲ್ಲ. ಚಿಕ್ಕಪ್ಪನ ಹೊಸ ಅರ್ಜಿಗೆ ನಾವು ಊರಿಗೆ ಮರಳಿದ ಮಾರನೆಯ ದಿನವೇ ವಾಯಿದೆ ಇತ್ತು.

ಕೊರಟಗೆರೆ ದಾಟಿ ಮಧುಗಿರಿಯ ಏಕಶಿಲೆ ಬೆಟ್ಟ ಕಾಣುವ ಹೊತ್ತಿಗೆ ಅವರು 1973ಕ್ಕೆ ಹೋಗಿದ್ದರು. ಮಂತ್ರಿಯಾಗಿದ್ದ ಬಿ. ಬಸವಲಿಂಗಪ್ಪ ಮೈಸೂರಿನ ಸಭೆಯಲ್ಲಿ ಕನ್ನಡ ಸಾಹಿತ್ಯದಲ್ಲಿ ಬಹಳಷ್ಟು ಬೂಸಾ ಇದೆ ಅಂದದ್ದು, ರಾಜ್ಯವೆಲ್ಲ ಗಲಾಟೆಯೆದ್ದು ಹಾಸ್ಟೆಲಿನ ಹುಡುಗರಿಗೆ ಏಟು ಬಿದ್ದದ್ದು, ಬಸವಲಿಂಗಪ್ಪ ರಾಜೀನಾಮೆ ಕೊಟ್ಟದ್ದು. ಆಗ ಚಿಕ್ಕಪ್ಪನಿಗೆ ಹದಿನಾರು. ಆ ಏಟು ತಿಂದ ಹುಡುಗರೇ ಮುಂದೆ ಪ್ರೊ. ಬಿ. ಕೃಷ್ಣಪ್ಪನವರ ಜೊತೆ ನಿಂತು ದಲಿತ ಸಂಘರ್ಷ ಸಮಿತಿ ಕಟ್ಟಿದರು. "ಹೆಂಡ ಬೇಡ, ಭೂಮಿ ಕೊಡಿ ಅಂತ ಕೂಗ್ತಿದ್ವಿ. ನಾನು ತಮಟೆ ಹೊಡೀತಿದ್ದೆ. ಭೂಮಿ ಅಂದ್ರೇನೇ ಮರ್ಯಾದೆ ಅಂತ ಯಾರೂ ಹೇಳ್ಕೊಡಬೇಕಾಗಿರಲಿಲ್ಲ" ಅಂದರು.

ಪಾವಗಡದಲ್ಲಿ ಇಳಿದು ಊಟ ಮಾಡಿ, ಶೇರ್ ಆಟೋದಲ್ಲಿ ತಿರುಮಣಿ ಕಡೆಗೆ ಹೋದೆವು. ತಿರುಮಣಿ, ಬಳಸಮುದ್ರ, ಕ್ಯಾತಗಾನಚೆರ್ಲು, ವಳ್ಳೂರು, ರಾಯಚೆರ್ಲು, ಈ ಐದು ಊರುಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟಿನ ಸೋಲಾರ್ ಪಾರ್ಕು ಇದೆ. 2018ರ ಮಾರ್ಚ್ 1ರಂದು ಉದ್ಘಾಟನೆಯಾಯಿತು. ಸರ್ಕಾರ ಜಮೀನನ್ನು ಕೊಳ್ಳಲಿಲ್ಲ, ಸ್ವಾಧೀನ ಮಾಡಿಕೊಳ್ಳಲೂ ಇಲ್ಲ. ರೈತರಿಂದ 28 ವರ್ಷಕ್ಕೆ ಗುತ್ತಿಗೆ ಪಡೆದು ಕಂಪನಿಗಳಿಗೆ ಕೊಟ್ಟಿತು. ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ. 5 ಹೆಚ್ಚಳ.

ಆರು ಎಕರೆ ಕೊಟ್ಟ ರೈತರೊಬ್ಬರು ಜಗಲಿಯ ಮೇಲೆ ಕೂರಿಸಿ ಕಾಫಿ ಕೊಟ್ಟರು. ಅವರಿಗೆ ಸಮಾಧಾನವಿದೆ. ಮಳೆಯಿಲ್ಲದ ವರ್ಷಗಳಲ್ಲಿ ಕಡ್ಲೆಕಾಯಿ ಬಿತ್ತಿ ಬೀಜವೂ ವಾಪಸು ಬಾರದೆ ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ವಾಚ್‌ಮನ್ ಆಗಿದ್ದವರು. "ಈಗ ಊರಲ್ಲಿದೀನಿ ಸಾ, ಪಹಣಿ ನನ್ ಹೆಸ್ರಲ್ಲೇ ಐತೆ, ದುಡ್ಡೂ ಬ್ಯಾಂಕಿಗೆ ಬೀಳ್ತೈತೆ" ಅಂದರು. ಪಾವಗಡದ ಬರ ಕಂಡವರು ಈ ಮಾತನ್ನು ತಳ್ಳಿಹಾಕಲಾರರು. ನಾನೂ ತಳ್ಳಿಹಾಕುವುದಿಲ್ಲ.

ಅಲ್ಲಿಂದ ಕಾಲೊನಿಗೆ ಹೋದೆವು. ಒಬ್ಬ ಅಕ್ಕ ಮನೆ ಮುಂದೆ ಕೂತು ಹುಣಸೆ ಹಣ್ಣು ಕುಟ್ಟುತ್ತಿದ್ದಳು. ನಮ್ಮ ಜೊತೆ ಕನ್ನಡದಲ್ಲಿ, ಒಳಗಿದ್ದ ಸೊಸೆಯ ಜೊತೆ ತೆಲುಗಿನಲ್ಲಿ ಮಾತು. ಆಕೆಗೆ ಜಮೀನಿಲ್ಲ. ಮುಂಗಾರಿನಲ್ಲಿ ಕಳೆ, ದೀಪಾವಳಿ ಹೊತ್ತಿಗೆ ಕಡ್ಲೆಕಾಯಿ ಬಿಡಿಸುವ ಕೂಲಿ, ನಡುವೆ ಹನ್ನೊಂದು ಕುರಿ. ಇಷ್ಟರಲ್ಲೇ ಮೂರು ಮಕ್ಕಳನ್ನು ಸಾಕಿದ್ದಳು. ಬೇಲಿ ಬಂತು. ಕಳೆಯೂ ಇಲ್ಲ, ಕಾಯಿಯೂ ಇಲ್ಲ. ಕುರಿ ಮೇಯಿಸುತ್ತಿದ್ದ ಬೀಳು ಬೇಲಿಯೊಳಗೆ ಸೇರಿದ ಮೇಲೆ ಒಂದೊಂದೇ ಕುರಿ ಮಾರಿದಳು.

"ಒಳಗೆ ಕೆಲ್ಸ ಸಿಗಲ್ವಾ ಅಕ್ಕ?"

"ಹಲಗೆ ತೊಳೆಯೋದು, ಹುಲ್ಲು ಕೀಳೋದು ಐತೆ. ಜಮೀನ್ ಕೊಟ್ಟೋರ ಮನೆಯೋರ್ಗೆ ಮೊದ್ಲು ಅಂತಾರೆ. ಕಂಟ್ರಾಕ್ಟ್ರುನ್ನ ಕೇಳಕ್ಕೋದ್ರೆ, ನೀವೇನ್ ಕೊಟ್ಟಿದೀರಮ್ಮಾ ಅಂದ."

ಚಿಕ್ಕಪ್ಪ ಏನೂ ಹೇಳಲಿಲ್ಲ. ಆಕೆಯ ಎದುರು ಕುಕ್ಕರಗಾಲಲ್ಲಿ ಕೂತು ಹುಣಸೆ ಬೀಜ ಬಿಡಿಸತೊಡಗಿದರು.

ನೀವೇನು ಕೊಟ್ಟಿದ್ದೀರಿ ಎಂಬ ಆ ಪ್ರಶ್ನೆ ರಾತ್ರಿ ಪಾವಗಡದ ಲಾಡ್ಜಿನಲ್ಲಿ ನನ್ನನ್ನು ಮಲಗಲು ಬಿಡಲಿಲ್ಲ. 2013ರ ಭೂಸ್ವಾಧೀನ ಕಾಯ್ದೆಯಲ್ಲಿ ಒಂದು ಒಳ್ಳೆಯ ಮಾತಿದೆ. ಸ್ವಾಧೀನಕ್ಕೆ ಮೊದಲು ಮೂರು ವರ್ಷ ಆ ಜಮೀನನ್ನೇ ನಂಬಿ ಕೂಲಿ ಮಾಡಿದವರನ್ನೂ, ಗೇಣಿಗೆ ಉತ್ತವರನ್ನೂ ಬಾಧಿತ ಕುಟುಂಬವೆಂದು ಎಣಿಸಬೇಕು. ಪಹಣಿಯಲ್ಲಿ ಹೆಸರಿಲ್ಲದವರೂ ಲೆಕ್ಕಕ್ಕೆ ಸೇರುತ್ತಾರೆ. ಪಾವಗಡದಲ್ಲಿ ಸ್ವಾಧೀನವೇ ಆಗಲಿಲ್ಲವಲ್ಲ! ಗುತ್ತಿಗೆ ಕರಾರು ಜಮೀನಿನ ಒಡೆಯನಿಗೂ ಸರ್ಕಾರದ ನಿಗಮಕ್ಕೂ ಮಧ್ಯೆ. ನಿಗಮದಿಂದ ಕಂಪನಿಗೆ. ಹುಣಸೆ ಕುಟ್ಟುವ ಅಕ್ಕ ಈ ಮೂರು ಸಹಿಗಳಲ್ಲಿ ಎಲ್ಲಿಯೂ ಇಲ್ಲ. ಜಮೀನು ಕಳೆದುಕೊಳ್ಳದೆ ಅಭಿವೃದ್ಧಿ ಎಂದು ದೇಶಕ್ಕೆಲ್ಲ ಮಾದರಿಯಾಗಿ ತೋರಿಸಿದ ಯೋಜನೆಯಿದು. ಕಳೆದುಕೊಳ್ಳಲು ಜಮೀನೇ ಇಲ್ಲದವಳು ಕಳೆದುಕೊಂಡದ್ದನ್ನು ಯಾವ ಕಲಮಿನಲ್ಲಿ ಬರೆಯಬೇಕು? ಬಿಸಿಲಿನ ವಿದ್ಯುತ್ತು ಬರಲಿ, ಖಂಡಿತ ಬರಲಿ. ಅದರ ಆದಾಯದಲ್ಲಿ ಎಕರೆ ಲೆಕ್ಕದಂತೆ ಕೂಲಿದಿನಗಳ ಲೆಕ್ಕವನ್ನೂ ಹಿಡಿಯುವುದು ಕಷ್ಟದ ಗಣಿತವೇನಲ್ಲ.

ಎರಡನೆಯ ದಿನ: ವಿದುರಾಶ್ವತ್ಥ

ಆಂಧ್ರದ ಹಿಂದೂಪುರ ಹಾದು ಗೌರಿಬಿದನೂರು ದಾರಿ ಹಿಡಿದೆವು. ಗೌರಿಬಿದನೂರಿಗೆ ಸ್ವಲ್ಪ ಮೊದಲೇ, ಉತ್ತರ ಪಿನಾಕಿನಿಯ ದಂಡೆಯಲ್ಲಿ ವಿದುರಾಶ್ವತ್ಥ. ಅಶ್ವತ್ಥ ಮರದ ಸುತ್ತ ಸಾವಿರಾರು ನಾಗರಕಲ್ಲುಗಳು. ಮಕ್ಕಳಾಗಲಿ ಎಂದು ಹರಕೆ ಹೊತ್ತವರು ಇವತ್ತಿಗೂ ತಂದು ನಿಲ್ಲಿಸುತ್ತಾರೆ.

1938ರ ಏಪ್ರಿಲ್ 25ರಂದು ಇಲ್ಲಿ ಕಾಂಗ್ರೆಸ್ ಬಾವುಟ ಹಾರಿಸಲು ಸೇರಿದ ಹಳ್ಳಿ ಜನರ ಮೇಲೆ ಮೈಸೂರು ಸಂಸ್ಥಾನದ ಪೊಲೀಸರು ಗುಂಡು ಹಾರಿಸಿದರು. ಸರ್ಕಾರ ಒಪ್ಪಿಕೊಂಡದ್ದು ಹತ್ತು ಸಾವು. ಜನರ ಲೆಕ್ಕದಲ್ಲಿ ಮೂವತ್ತು ದಾಟುತ್ತದೆ. ಆಮೇಲೆ ಗಾಂಧೀಜಿ ಕಳಿಸಿದ ಸರ್ದಾರ್ ಪಟೇಲರು ಬಂದು ದಿವಾನ್ ಮಿರ್ಜಾ ಇಸ್ಮಾಯಿಲ್ ಜೊತೆ ಒಪ್ಪಂದವಾಗಿ, ಬಾವುಟಕ್ಕಿದ್ದ ಅಡ್ಡಿ ಹೋಯಿತು. ವೀರಸೌಧದ ಚಿತ್ರಗಳನ್ನು ನೋಡುತ್ತಾ ಚಿಕ್ಕಪ್ಪ, "ಹತ್ತಕ್ಕೂ ಮೂವತ್ತಕ್ಕೂ ನಡುವೆ ಇರೋರು ಯಾರ್ಯಾರೋ" ಅಂದರು. ಅಷ್ಟೇ. ಹೊರಗೆ ಬಂದು ಕಬ್ಬಿನ ಹಾಲು ಕುಡಿದು ಚಿಕ್ಕಬಳ್ಳಾಪುರದ ಬಸ್ಸು ಹತ್ತಿದೆವು.

ಮೂರನೆಯ ದಿನ: ಶಿಡ್ಲಘಟ್ಟ, ಜಂಗಮಕೋಟೆ, ಚಿಂತಾಮಣಿ

ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯ ಹತ್ತಿರ ಚಿಕ್ಕಪ್ಪನ ಹೋರಾಟದ ಹಳೆಯ ಸಂಗಾತಿಯೊಬ್ಬರು ಸ್ಕೂಟರಿನಲ್ಲಿ ಕಾಯುತ್ತಿದ್ದರು. ಚಿಕ್ಕಪ್ಪನನ್ನು ತಬ್ಬಿಕೊಂಡು, ನನಗೆ ಒಂದು ಆಟೋ ಗೊತ್ತು ಮಾಡಿ ಜಂಗಮಕೋಟೆ ಕಡೆ ಕರೆದುಕೊಂಡು ಹೋದರು. ದಾರಿಯ ಎರಡೂ ಬದಿ ಹಿಪ್ಪುನೇರಳೆ, ದ್ರಾಕ್ಷಿ ಚಪ್ಪರ, ಹೂವು. ಸಾವಿರ ಅಡಿ ಕೊರೆದ ಬೋರ್‌ವೆಲ್ಲುಗಳ ಮೇಲೆ ನಿಂತ ಹಸಿರು ಇದು. ಹನಿ ಹನಿ ಲೆಕ್ಕ ಹಾಕಿ ಬೆಳೆದದ್ದು.

ಈ ಹೋಬಳಿಯಲ್ಲಿ ಸುಮಾರು 2,800 ಎಕರೆಗೆ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿಯ ಕಣ್ಣು ಬಿದ್ದಿದೆ. ಕೊಡುತ್ತೇವೆ ಎನ್ನುವವರೂ ಇದ್ದಾರೆ, ಪ್ರಾಣ ಹೋದರೂ ಕೊಡುವುದಿಲ್ಲ ಎನ್ನುವವರೂ ಇದ್ದಾರೆ. ಒಂದೇ ಮನೆಯ ಅಣ್ಣ ತಮ್ಮಂದಿರು ಮಾತು ಬಿಟ್ಟಿದ್ದಾರೆ. ಕೈಗಾರಿಕಾ ಮಂಡಳಿ ಜಮೀನು ಪಡೆಯುವುದು 1966ರ ತನ್ನದೇ ಕಾಯ್ದೆಯಡಿ. 28(1) ಎಂದರೆ ಮೊದಲ ಅಧಿಸೂಚನೆ, 28(4) ಎಂದರೆ ಕೊನೆಯದು. ಇಲ್ಲಿ ಓದು ಬಾರದವರ ಬಾಯಲ್ಲೂ ಈ ಅಂಕಿಗಳು ತಿಥಿ ನಕ್ಷತ್ರದ ಹಾಗೆ ಬರುತ್ತವೆ. ಕೂಲಿಯವರನ್ನು ಎಣಿಸುವ, ಸಾಮಾಜಿಕ ಪರಿಣಾಮ ಅಳೆಯುವ 2013ರ ಕಾಯ್ದೆಯ ಮೆಟ್ಟಿಲು ಈ ದಾರಿಯಲ್ಲಿ ಹತ್ತಬೇಕಿಲ್ಲ.

ತೊಗರಿ ಸಾಲಿನ ನಡುವೆ ನಿಂತಿದ್ದ ಒಬ್ಬ ತಾಯಿ ನಮ್ಮನ್ನು ನೋಡಿ ಸರ್ವೆಯವರು ಅಂದುಕೊಂಡು ಗಟ್ಟಿಯಾಗಿ ಕೂಗಿದಳು. ನಮ್ಮೋರು ಎಂದು ಸಂಗಾತಿ ಹೇಳಿದ ಮೇಲೆ ಸೆರಗಲ್ಲಿ ಮುಖ ಒರೆಸಿಕೊಂಡು ಹತ್ತಿರ ಬಂದಳು. ಒಂದು ಎಕರೆ ಹತ್ತು ಗುಂಟೆ, ಬಗರ್ ಹುಕುಂ, ಅಂದರೆ ಮಂಜೂರಾತಿಯಿಲ್ಲದೆ ಉಳುತ್ತಿರುವ ಸರ್ಕಾರಿ ಜಮೀನು. ಮಾವನ ಕಾಲದಿಂದ ಉಳುಮೆ. ಫಾರಂ 50 ಹಾಕಿದ್ದರು ಮಾವ. ಫಾರಂ 53 ಹಾಕಿದ್ದ ಗಂಡ. ಫಾರಂ 57 ಹಾಕಿದ್ದು ಈಕೆ. ಎರಡು ತಲೆಮಾರಿನ ಮೂರು ಸ್ವೀಕೃತಿ ಚೀಟಿ ಇವೆ, ಸಾಗುವಳಿ ಚೀಟಿ ಇಲ್ಲ. "ಪರಿಹಾರ ಕೋಟಿ ಕೊಡ್ತಾರಂತೆ ಅಂತಾರೆ. ಯಾರ್ಗೆ ಕೊಡ್ತಾರೆ ಸ್ವಾಮಿ? ಪಾಣೀಲಿ ಸರ್ಕಾರ ಅಂತ ಐತೆ. ಸರ್ಕಾರ ಸರ್ಕಾರಕ್ಕೇ ದುಡ್ಡು ಕೊಟ್ಕಂತದೆ" ಅಂದಳು.

ಆಟೋದಲ್ಲಿ ಮರಳುವಾಗ ಸಂಗಾತಿ ದೇವನಹಳ್ಳಿಯ ಮಾತು ತೆಗೆದರು. ಇಲ್ಲಿಗೆ ಕೂಗಳತೆಯಲ್ಲಿರುವ ಚನ್ನರಾಯಪಟ್ಟಣ ಹೋಬಳಿ. 13 ಹಳ್ಳಿ, 1,777 ಎಕರೆ. 2022ರ ಏಪ್ರಿಲಿನಲ್ಲಿ ಧರಣಿಗೆ ಕೂತವರು ಸಾವಿರದ ನೂರಕ್ಕೂ ಹೆಚ್ಚು ದಿನ ಎದ್ದೇಳಲಿಲ್ಲ. 2025ರ ಜೂನಿನಲ್ಲಿ ಪೊಲೀಸರು ಎಳೆದು ವ್ಯಾನಿಗೆ ಹಾಕಿದರು. ಆಮೇಲೆ ರಾಜ್ಯದ ಎಲ್ಲ ಮೂಲೆಗಳಿಂದ ಬಣ್ಣಬಣ್ಣದ ಟವೆಲ್ಲುಗಳು ಒಂದೇ ಕಡೆ ಸೇರಿದವು. ರೈತರ ಹಸಿರು, ದಲಿತರ ನೀಲಿ, ಕಾರ್ಮಿಕರ ಕೆಂಪು. ಜುಲೈ 15ಕ್ಕೆ ಮುಖ್ಯಮಂತ್ರಿಗಳು ಸ್ವಾಧೀನ ಕೈಬಿಟ್ಟಿದ್ದೇವೆ ಎಂದು ಹೇಳಿದರು. "ಹಸಿರು ಟವಲ್ಲೂ ನೀಲಿ ಟವಲ್ಲೂ ಒಂದೇ ಚಾಪೆ ಮೇಲೆ ಕೂತಿದ್ದು ನಮ್ ಕಾಲ್ದಲ್ಲಿ ಕಮ್ಮಿ ಕಣಣ್ಣ" ಅಂದರು ಅವರು. ಚಿಕ್ಕಪ್ಪ ತಲೆ ಆಡಿಸಿದರು. ರೈತ ಸಂಘದವರ ಹೊಲದಲ್ಲಿ ಕೂಲಿ ಕೇಳಿದ್ದಕ್ಕೆ ಬಹಿಷ್ಕಾರ ಅನುಭವಿಸಿದ ಕೇರಿಗಳನ್ನು ಅವರು ಕಂಡವರು. ಒಂದು ಚಾಪೆ ಎಂಬುದು ಸಣ್ಣ ಸಂಗತಿಯಲ್ಲ.

ಸಂಜೆ ಚಿಂತಾಮಣಿ ಬಸ್ ಸ್ಟ್ಯಾಂಡು. ಕಂಬಾಲಪಲ್ಲಿ ಈ ತಾಲ್ಲೂಕಿನದೇ. 2000ದ ಮಾರ್ಚ್ 11ರ ರಾತ್ರಿ ಅಲ್ಲಿ ಏಳು ಮಂದಿ ದಲಿತರನ್ನು ಮನೆಯೊಳಗೆ ಕೂಡಿ ಬೆಂಕಿ ಹಚ್ಚಿ ಕೊಂದರು. ಸಾಕ್ಷಿಗಳು ತಿರುಗಿಬಿದ್ದರು. 2006ರಲ್ಲಿ ಸೆಷನ್ಸ್ ಕೋರ್ಟು ಆರೋಪಿಗಳನ್ನು ಬಿಡುಗಡೆ ಮಾಡಿತು, 2014ರಲ್ಲಿ ಹೈಕೋರ್ಟು ಅದನ್ನೇ ಎತ್ತಿಹಿಡಿಯಿತು. ಹೋಗೋಣವಾ ಎಂದು ಕೇಳಿದೆ. ಆ ಮಾರ್ಚಿನಲ್ಲಿ ಚಿಕ್ಕಪ್ಪ ಅಲ್ಲಿಗೆ ಹೋಗಿದ್ದರು. "ಬ್ಯಾಡ ಮಗಳೇ. ನೋಡಕ್ಕೆ ಹೋಗೋ ಜಾಗ ಅಲ್ಲ ಅದು" ಅಂದರು. ಕೋಲಾರದ ಬಸ್ಸು ಬರುವವರೆಗೂ ಕೈಚೀಲವನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದರು.

ನಾಲ್ಕನೆಯ ದಿನ: ಕೋಲಾರ, ನರಸಾಪುರ

ಕೋಲಾರದಲ್ಲಿ ಉಳಿದುಕೊಂಡದ್ದು ಇನ್ನೊಬ್ಬ ಸಂಗಾತಿಯ ಮನೆಯಲ್ಲಿ. ರಾತ್ರಿ ಮುದ್ದೆ, ಬಸ್ಸಾರು. ಬೆಳಗ್ಗೆ ಅವರ ಅಣ್ಣನ ಮಗ ರಾತ್ರಿ ಪಾಳಿ ಮುಗಿಸಿ ಬಂದ. ಇಪ್ಪತ್ನಾಲ್ಕು ವರ್ಷ, ಡಿಪ್ಲೊಮಾ. ಕಣ್ಣು ಕೆಂಪಗೆ. ಒಂದು ದೊಡ್ಡ ಕಾರ್ಖಾನೆಯಲ್ಲಿ ಕೆಲಸ, ಸಂಬಳ ಕೊಡುವುದು ಏಜೆನ್ಸಿ. ಹನ್ನೊಂದು ತಿಂಗಳಾಗುತ್ತಲೇ ಏಜೆನ್ಸಿ ಬದಲಾಗುತ್ತದೆ, ಕಾರ್ಡು ಬದಲಾಗುತ್ತದೆ, ಅದೇ ಯಂತ್ರ, ಅದೇ ಜಾಗ. ಮೂರು ವರ್ಷದಿಂದ ಅವನು ಹೊಸಬನೇ. "ಗ್ರಾಚ್ಯುಟಿಗೆ ಐದ್ ವರ್ಷ ಬೇಕಂತೆ ದೊಡ್ಡಪ್ಪ, ನಂಗೆ ಒಂದ್ ವರ್ಷಾನೂ ಆಗ್ತಿಲ್ಲ" ಅಂದ.

ಮಧ್ಯಾಹ್ನ ನರಸಾಪುರಕ್ಕೆ ಹೋದೆವು. ಹೆದ್ದಾರಿ ಪಕ್ಕದ ಈ ಕೈಗಾರಿಕಾ ಪ್ರದೇಶವನ್ನು ಜಗತ್ತು ಗಮನಿಸಿದ್ದು 2020ರ ಡಿಸೆಂಬರ್ 12ರಂದು. ಐಫೋನ್ ಜೋಡಿಸುತ್ತಿದ್ದ ವಿಸ್ಟ್ರಾನ್ ಕಾರ್ಖಾನೆಯಲ್ಲಿ ಪಾಳಿ ಬದಲಾಗುವ ಹೊತ್ತಿಗೆ ಕಾರ್ಮಿಕರು ಸಿಟ್ಟಿಗೆದ್ದು ಗಾಜು, ಯಂತ್ರ, ವಾಹನ ಒಡೆದರು. ಬಹುಪಾಲು ಏಜೆನ್ಸಿಗಳ ಮೂಲಕ ಬಂದ ಗುತ್ತಿಗೆಯವರು. ಕಂಪನಿ ಮೊದಲು ಹೇಳಿದ ನಷ್ಟ 437 ಕೋಟಿ. ಕೆಲವೇ ದಿನದಲ್ಲಿ ಅದು ತಾನೇ 50 ಕೋಟಿಯ ಆಸುಪಾಸಿಗೆ ಇಳಿಯಿತು. ನೂರಕ್ಕೂ ಹೆಚ್ಚು ಹುಡುಗರು ಜೈಲು ಸೇರಿದರು. ತನಿಖೆಯಲ್ಲಿ ಸಂಬಳ, ಓವರ್‌ಟೈಮ್, ಹಾಜರಾತಿಯ ಲೋಪಗಳು ಹೊರಬಂದವು. ಆ್ಯಪಲ್ ಕಂಪನಿ ವಿಸ್ಟ್ರಾನನ್ನು ಪ್ರೊಬೇಷನ್ನಿಗೆ ಹಾಕಿತು, ವಿಸ್ಟ್ರಾನ್ ಕ್ಷಮೆ ಕೇಳಿತು. 2023ರಲ್ಲಿ ಆ ಘಟಕ ಟಾಟಾ ಕೈಗೆ ಬಂತು. ಅದೇ 2023ರಲ್ಲಿ ದಿನಕ್ಕೆ ಹನ್ನೆರಡು ಗಂಟೆ ದುಡಿಸಲು ಅವಕಾಶ ಕೊಡುವ ಕಾರ್ಖಾನೆ ಕಾಯ್ದೆ ತಿದ್ದುಪಡಿಯನ್ನು ನಮ್ಮ ವಿಧಾನಮಂಡಲ ಒಪ್ಪಿತು. ಗಾಜು ಒಡೆದದ್ದು ತಪ್ಪು ಎನ್ನಲು ನನಗೆ ಅಡ್ಡಿಯಿಲ್ಲ. ಆ ಹುಡುಗರಿಗೆ ಅಹವಾಲು ಹೇಳಿಕೊಳ್ಳಲು ಒಂದು ಯೂನಿಯನ್ ಇದ್ದಿದ್ದರೆ ಗಾಜು ಉಳಿಯುತ್ತಿತ್ತು ಎಂಬುದನ್ನೂ ಅಷ್ಟೇ ಗಟ್ಟಿಯಾಗಿ ಹೇಳಬೇಕು.

ನರಸಾಪುರದ ಕೆರೆ ತುಂಬಿತ್ತು. ನಮ್ಮ ಚಿಕ್ಕಂದಿನಲ್ಲಿ ಕೋಲಾರ ಎಂದರೆ ಒಣಗಿದ ಕೆರೆಯಂಗಳ. ಈ ನೀರು 2018ರಿಂದ ಬೆಂಗಳೂರಿನಿಂದ ಹರಿದು ಬರುತ್ತಿರುವ ಕೆ.ಸಿ. ವ್ಯಾಲಿ ನೀರು, ನಗರದ ಕೊಳಚೆಯನ್ನು ಎರಡು ಹಂತ ಶುದ್ಧೀಕರಿಸಿದ್ದು. ಮೊದಲ ವರ್ಷವೇ ಲಕ್ಷ್ಮೀಸಾಗರ ಕೆರೆಯಲ್ಲಿ ನೊರೆ ಎದ್ದು ಹೈಕೋರ್ಟು ತಡೆ ಕೊಟ್ಟಿತು, ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೂ ಹೋಯಿತು, 2019ರಲ್ಲಿ ತಡೆ ತೆರವಾಯಿತು. ಮೂರನೆಯ ಹಂತದ ಶುದ್ಧೀಕರಣ ಆಗಲೇಬೇಕು ಎಂದು ಶಾಶ್ವತ ನೀರಾವರಿ ಹೋರಾಟ ಸಮಿತಿ ಇವತ್ತಿಗೂ ಕೇಳುತ್ತಿದೆ. ಬೋರ್‌ವೆಲ್ ಮೇಲೆ ಬಂದಿದೆ ಎಂದು ಸಂಗಾತಿ ಖುಷಿಯಿಂದ ಹೇಳಿದರು, ಆದರೆ ಆ ನೀರನ್ನು ಮೊಮ್ಮಗುವಿಗೆ ಕುಡಿಸುವುದಿಲ್ಲ. ಬೆಂಗಳೂರಿಗೆ ಹಾಲು, ಟೊಮೆಟೊ, ಹುಡುಗರನ್ನು ಕಳಿಸುವ ಜಿಲ್ಲೆಗೆ ವಾಪಸು ಬರುವುದು ಅರ್ಧ ತೊಳೆದ ನೀರು. ಮೂರನೆಯ ಹಂತದ ಖರ್ಚನ್ನು ಉಳಿಸಿಕೊಂಡವರು ಯಾರ ಮೇಲೆ ಉಳಿಸಿದರು ಎಂದು ಕೇಳುವ ಹಕ್ಕು ಕೋಲಾರಕ್ಕಿದೆ.

ಐದನೆಯ ದಿನ: ಕೆಜಿಎಫ್

ರಾಬರ್ಟ್‌ಸನ್‌ಪೇಟೆಯಲ್ಲಿ ಇಳಿದಾಗ ಗಾಳಿ ಜೋರಾಗಿತ್ತು. ಬಾಯಿಗೆ ಮಣ್ಣಿನ ರುಚಿ ಬಂತು. ಊರಿನವರು ಸೈನೈಡ್ ದಿಬ್ಬ ಎನ್ನುವ ಗುಡ್ಡಗಳ ಪುಡಿ ಅದು. ನೂರಿಪ್ಪತ್ತು ವರ್ಷ ಅದಿರು ಅರೆದು, ಸೈನೈಡಿನಲ್ಲಿ ಚಿನ್ನ ತೆಗೆದ ಮೇಲೆ ಉಳಿದ ಮೂರು ಕೋಟಿ ಟನ್ನಿಗೂ ಹೆಚ್ಚು ಪುಡಿ ಗುಡ್ಡಗಳಾಗಿ ನಿಂತಿದೆ. ಚಿನ್ನ ಊರು ಬಿಟ್ಟು ಹೋಯಿತು, ಪುಡಿ ಮನೆ ಮನೆಯ ನೀರಿನ ಕೊಡದ ಮೇಲೆ ಕೂತಿದೆ.

ಚಾಂಪಿಯನ್ ರೀಫ್ಸಿನ ಲೈನ್ ಮನೆಯೊಂದಕ್ಕೆ ಹೋದೆವು. ತಗ್ಗು ಬಾಗಿಲು, ಒಂದು ಕೋಣೆ, ಹಿಂದೆ ಕೈಯಾರೆ ಹಾಕಿಕೊಂಡ ತಗಡಿನ ಅಡುಗೆಮನೆ. ಪಾಟಿ ಎಂದು ಕರೆದರೆ ಸಾಕು ಎಂದ ಆ ಅಜ್ಜಿಗೆ ಎಪ್ಪತ್ತು ದಾಟಿದೆ. ತಮಿಳು ಬೆರೆತ ಕನ್ನಡ. ಅವರ ಮಾವನ ತಂದೆ ಉತ್ತರ ಆರ್ಕಾಟಿನಿಂದ ಗಣಿಗೆ ಬಂದವರು. ಸುರಂಗದಲ್ಲಿ ಇಳಿದವರಲ್ಲಿ ಬಹುಪಾಲು ಅಲ್ಲಿನ ಆದಿದ್ರಾವಿಡರು. ಊರಲ್ಲಿ ಜೀತ, ಇಲ್ಲಿ ಸುರಂಗ. ಆದರೂ ಇಲ್ಲಿ ತಿಂಗಳಿಗೆ ನಗದು ಸಂಬಳ ಇತ್ತು, ಮಕ್ಕಳಿಗೆ ಶಾಲೆ ಇತ್ತು. ತಮಿಳು ದಲಿತ ಚಿಂತಕ ಅಯೋತಿದಾಸ ಪಂಡಿತರ ಬೌದ್ಧ ಚಳವಳಿ ಕಳೆದ ಶತಮಾನದ ಮೊದಲ ದಶಕದಲ್ಲೇ ಈ ಊರಿನಲ್ಲಿ ಬೇರು ಬಿಟ್ಟಿತು. ಅಂಬೇಡ್ಕರರು ನಾಗಪುರದಲ್ಲಿ ದೀಕ್ಷೆ ಪಡೆಯುವುದಕ್ಕೆ ಐವತ್ತು ವರ್ಷ ಮೊದಲೇ ಗಣಿ ಕಾರ್ಮಿಕರು ಇಲ್ಲಿ ಬುದ್ಧನನ್ನು ತಮ್ಮವನು ಎಂದು ಕರೆದಿದ್ದರು. ಇದನ್ನು ಪಠ್ಯದಲ್ಲಿ ಓದದೇ ನಾನು ಎಂ.ಎ. ಮುಗಿಸಿದೆ ಎಂಬುದು ನನಗೆ ಸಿಟ್ಟು ತರಿಸುತ್ತದೆ.

ಪಾಟಿ ಗೋಡೆಯ ಮೇಲಿನ ಗಂಡನ ಫೋಟೋ ತೋರಿಸಿದರು. ಗಣಿಯ ದೂಳಿನಿಂದ ಬರುವ ಶ್ವಾಸಕೋಶದ ಕಾಯಿಲೆ ಸಿಲಿಕೋಸಿಸ್‌ನಿಂದ ಹೋದರು. ಫೋಟೋ ಕೆಳಗೆ ಮೊಳೆಗೆ ನೇತುಹಾಕಿದ ಹಿತ್ತಾಳೆಯ ಟೋಕನ್ನು, ರೂಪಾಯಿ ನಾಣ್ಯಕ್ಕಿಂತ ಸ್ವಲ್ಪ ದೊಡ್ಡದು. ಕೆಳಗೆ ಇಳಿಯುವಾಗ ಒಯ್ದು ಮೇಲೆ ಬಂದಾಗ ಹಿಂದಿರುಗಿಸಬೇಕಾದದ್ದು. ತೋಳಿಗೆ ತಿಕ್ಕಿ ತಿಕ್ಕಿ ಅಂಕಿಯ ಮೂಲೆಗಳು ಸವೆದಿದ್ದವು. ಚಿಕ್ಕಪ್ಪ ಅದನ್ನು ಅಂಗೈಯಲ್ಲಿಟ್ಟು ಬೆರಳಿನಿಂದ ಸವರುತ್ತಿದ್ದರು.

"ಕೊನೇ ದಿನ ವಾಪಸ್ ಕೇಳ್ಲಿಲ್ವಾ ಅಮ್ಮ?" ಅಂದರು.

"ಕೇಳಿದ್ರು. ಇವ್ರು ಕೊಡಲಿಲ್ಲ."

ಕೊನೆಯ ದಿನ ಎಂದರೆ 2001ರ ಫೆಬ್ರವರಿ 28. ಮೂರು ಕಿಲೋಮೀಟರಿಗೂ ಆಳ ಹೋಗಿದ್ದ ಗಣಿಗೆ ಅಂದು ಬೀಗ ಬಿತ್ತು. ಬ್ರಿಟಿಷರ ಜಾನ್ ಟೇಲರ್ ಕಂಪನಿ 1880ರ ದಶಕದಲ್ಲಿ ಶುರುಮಾಡಿದ ಕೆಲಸ ಭಾರತ್ ಗೋಲ್ಡ್ ಮೈನ್ಸ್ ಕೈಯಲ್ಲಿ ಮುಗಿಯಿತು. ಶಿವನಸಮುದ್ರದಿಂದ 1902ರಲ್ಲೇ ಕರೆಂಟು ಬಂದ ಊರಿನಲ್ಲಿ ಈಗ ಲೈನ್ ಮನೆಗಳಿಗೆ ಹಕ್ಕುಪತ್ರಕ್ಕಾಗಿ ಓಡಾಟ. ಮನೆ ಯಾರ ಹೆಸರಲ್ಲಿದೆ ಎಂದು ಕೇಳಿದೆ. ಪಾಟಿ ಮೇಲಕ್ಕೆ ಕೈ ತೋರಿಸಿದರು. ದೇವರನ್ನು ತೋರಿಸಿದರೋ, ದಿಲ್ಲಿಯನ್ನು ತೋರಿಸಿದರೋ ಗೊತ್ತಾಗಲಿಲ್ಲ. ಸತ್ತ ಗಂಡನ ದುಡಿಮೆಗೆ ಬಳುವಳಿಯಾಗಿ ಬಂದ ಆ ಒಂದು ಕೋಣೆಯಲ್ಲಿ ಅವರು ಐವತ್ತು ವರ್ಷದಿಂದ ಇದ್ದಾರೆ, ಕಾಗದದ ಪ್ರಕಾರ ಬೇರೆಯವರ ಜಾಗದಲ್ಲಿದ್ದಾರೆ.

ಈ ಊರಿನವರು ಸುಮ್ಮನೆ ಕೂತವರಲ್ಲ. 1930ರಲ್ಲಿ ಕಾರ್ಮಿಕರೆಲ್ಲ ಬೆರಳಚ್ಚು ಕೊಟ್ಟು ನೋಂದಾಯಿಸಿಕೊಳ್ಳಬೇಕು ಎಂದು ಕಂಪನಿ ಹೇಳಿದಾಗ ಮೂರು ವಾರ ಗಣಿಗೆ ಇಳಿಯಲಿಲ್ಲ. ಕಳ್ಳರ ಹಾಗೆ ನಮ್ಮ ಬೆರಳು ಯಾಕೆ ಎಂಬುದು ಅವರ ಪ್ರಶ್ನೆಯಾಗಿತ್ತು. 1946ರ ಮುಷ್ಕರದಲ್ಲಿ, ನವೆಂಬರ್ 4ರಂದು, ಪೊಲೀಸರ ಗುಂಡಿಗೆ ಆರು ಮಂದಿ ಬಲಿಯಾದರು. ಆ ಹುತಾತ್ಮರ ಸ್ಮಾರಕದ ಮುಂದೆ ಚಿಕ್ಕಪ್ಪ ಚಪ್ಪಲಿ ಬಿಟ್ಟು ನಿಂತರು. ಬಂದ ದಾರಿಯಲ್ಲಿ ನನಗೆ ಹೇಳಿದರು: "ನಮ್ಮಪ್ಪನ ಹೆಬ್ಬೆಟ್ಟು ಇಲ್ದಿದ್ರೆ ಆ ಚೀಟಿಗೆ ಬೆಲೆ ಇಲ್ಲ. ಇವ್ರ್ ಬೆಲೆ ಉಳೀಬೇಕು ಅಂದ್ರೆ ಹೆಬ್ಬೆಟ್ಟು ಒತ್ತಬಾರ್ದಾಗಿತ್ತು. ಎರಡೂ ಸರಿ ನೋಡು."

ಇನ್ನೊಂದನ್ನು ಬರೆಯದೆ ಮುಂದೆ ಹೋಗಲಾರೆ. ಈ ಗಣಿ ಕಾಲೊನಿಗಳಲ್ಲಿ ಒಣ ಪಾಯಿಖಾನೆಗಳಿದ್ದವು, ಅವನ್ನು ಕೈಯಿಂದ ಬಳಿಯುವ ಕುಟುಂಬಗಳಿದ್ದವು. ಅಂಥ ಒಂದು ಮನೆಯಲ್ಲಿ 1966ರಲ್ಲಿ ಹುಟ್ಟಿದವರು ಬೆಜವಾಡ ವಿಲ್ಸನ್. ಮಲದ ಗುಂಡಿಗೆ ಬಿದ್ದ ಬಕೆಟ್ಟನ್ನು ಬರಿಗೈಯಲ್ಲಿ ತೆಗೆಯುವವರನ್ನು ಕಂಡು ಅತ್ತವರು. ಪಾಯಿಖಾನೆಗಳ ಫೋಟೋ ತೆಗೆದು, ಇಲ್ಲ ಎಂದವರ ಮೇಜಿನ ಮೇಲೆ ಇಟ್ಟರು. 1993ರಲ್ಲಿ ನಿಷೇಧ ಕಾಯ್ದೆ ಬಂತು. ಅವರು ಮತ್ತು ಸಂಗಾತಿಗಳು ಕಟ್ಟಿದ ಸಫಾಯಿ ಕರ್ಮಚಾರಿ ಆಂದೋಲನ 2003ರಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು. ಹೊಸ ಕಾಯ್ದೆ 2013ರಲ್ಲಿ, ತೀರ್ಪು 2014ರಲ್ಲಿ. ಚರಂಡಿಯಲ್ಲಿ ಸತ್ತವರ ಕುಟುಂಬಕ್ಕೆ 10 ಲಕ್ಷ ಪರಿಹಾರ ಎಂದಿತು ಕೋರ್ಟು, 2023ರಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು. 2016ರ ಮ್ಯಾಗ್ಸೆಸೆ ಪ್ರಶಸ್ತಿ ಅವರಿಗೆ ಬಂದಾಗ ನಾನು ತರಗತಿಯಲ್ಲಿ ಇದು ನಮ್ಮ ಕೋಲಾರದ ಹುಡುಗ ಎಂದು ಹೇಳಿದ್ದೆ. ಈಗಿನ ಮಕ್ಕಳು ಕೆಜಿಎಫ್ ಅಂದರೆ ಸಿನಿಮಾ ಅಂದುಕೊಳ್ಳುತ್ತಾರೆ.

ಆರನೆಯ ದಿನ: ಮಾರಿಕುಪ್ಪಂ ರೈಲು

ಮಾರಿಕುಪ್ಪಂನಿಂದ ಬೆಂಗಳೂರಿನ ಬೆಳಗಿನ ರೈಲು. ಇನ್ನೂ ಕತ್ತಲು. ಪ್ಲಾಟ್‌ಫಾರಂ ಮೇಲೆ ಊಟದ ಡಬ್ಬಿ ಹಿಡಿದ ನೂರಾರು ಜನ. ಗಣಿ ಮುಚ್ಚಿದ ಮೇಲೆ ಈ ಊರು ಉಸಿರಾಡುವುದೇ ಈ ಹಳಿಗಳ ಮೇಲೆ. ಹೋಗುವಾಗ ಒಂದು ನಿದ್ದೆ, ಬರುವಾಗ ಒಂದು ನಿದ್ದೆ.

ಚಿಕ್ಕಪ್ಪನಿಗೆ ಕಿಟಕಿ ಪಕ್ಕ ಜಾಗ ಬಿಟ್ಟುಕೊಟ್ಟ ಹೆಣ್ಣುಮಗಳಿಗೆ ಮೂವತ್ತೈದು ಇರಬಹುದು. ವೈಟ್‌ಫೀಲ್ಡಿನ ಒಂದು ಸಾಫ್ಟ್‌ವೇರ್ ಆಫೀಸಿನಲ್ಲಿ ಹೌಸ್‌ಕೀಪಿಂಗ್. ಕುತ್ತಿಗೆಯ ಟ್ಯಾಗಿನ ಮೇಲೆ ಆ ಆಫೀಸಿನ ಹೆಸರಿಲ್ಲ, ಏಜೆನ್ಸಿಯ ಹೆಸರಿದೆ. ನಾನು ಬೆಂಗಳೂರಿನ ಪೌರಕಾರ್ಮಿಕರ ವಿಷಯ ತೆಗೆದೆ. ವರ್ಷಗಟ್ಟಲೆ ಗುತ್ತಿಗೆಯಲ್ಲಿ ಗುಡಿಸಿ, 2022ರಲ್ಲಿ ಕೆಲಸ ನಿಲ್ಲಿಸಿ ಬೀದಿಗೆ ಕೂತು, 2025ರ ಮೇ ದಿನದಂದು ಹನ್ನೆರಡು ಸಾವಿರಕ್ಕೂ ಹೆಚ್ಚು ಮಂದಿ ಕಾಯಂ ನೇಮಕಾತಿ ಪತ್ರ ಪಡೆದದ್ದು. "ಅವ್ರು ಸರ್ಕಾರಿ ರೋಡು ಗುಡಿಸೋದಲ್ವಾ ಮೇಡಂ. ನಾವು ಗುಡಿಸೋದು ಗ್ಲಾಸ್ ಬಿಲ್ಡಿಂಗ್ ಒಳ್ಗಡೆ. ಒಳ್ಗಡೆ ಕೂತ್ಕೊಳ್ಳಕ್ಕೆ ಬೀದಿ ಎಲ್ಲಿದೆ?" ಎಂದಳು. ನನ್ನ ಬಳಿ ಉತ್ತರವಿರಲಿಲ್ಲ. ಆದರೂ ಅವಳೂ ಸೇರಿ ಅವಳ ಪಾಳಿಯ ಹದಿನಾಲ್ಕು ಹೆಂಗಸರು ಎರಡು ತಿಂಗಳ ಹಿಂದೆ ಪಿ.ಎಫ್. ಕಟ್ಟಿಲ್ಲವೆಂದು ಒಟ್ಟಿಗೆ ಹೋಗಿ ದೂರು ಬರೆದುಕೊಟ್ಟಿದ್ದಾರೆ. ಕೆಲಸದಿಂದ ತೆಗೆಯುತ್ತೇವೆ ಎಂದು ಮೇಸ್ತ್ರಿ ಹೆದರಿಸಿದ್ದಾನೆ. ಹದಿನಾಲ್ಕೂ ಜನರನ್ನು ಒಂದೇ ದಿನ ತೆಗೆದರೆ ಮಾರನೆಯ ದಿನ ಟಾಯ್ಲೆಟ್ ತೊಳೆಯುವವರು ಯಾರು ಎಂದು ಇವರು ಕೇಳಿದ್ದಾರೆ.

ಬಂಗಾರಪೇಟೆ ದಾಟಿದ ಮೇಲೆ ಮಳೆ ಹಿಡಿಯಿತು. ಮುಚ್ಚಲಾಗದ ಕಿಟಕಿಯಿಂದ ಇರಚಲು. ಚಿಕ್ಕಪ್ಪ ತಟ್ಟನೆ ಕೈಚೀಲವನ್ನು ಅಂಗಿಯೊಳಗೆ ತುರುಕಿಕೊಂಡರು. ಏನದು ತಾತಾ ಎಂದು ಅವಳು ಕೇಳಿದಳು. ಅವರು ಸೀರೆ ಅಂಗಡಿಯ ಕವರು ಬಿಚ್ಚಿ ಚೀಟಿ ತೋರಿಸಿದರು. ಕವರಿನ ತಳದಲ್ಲಿ ಒಂದು ತೂತಿತ್ತು. ಇಷ್ಟು ದಿನ ಇಬ್ಬರೂ ನೋಡಿರಲಿಲ್ಲ.

ಅವಳು ತನ್ನ ಬ್ಯಾಗಿನಿಂದ ದಪ್ಪನೆಯ ಜಿಪ್ ಕವರು ತೆಗೆದಳು. ಒಳಗಿದ್ದ ಪಿ.ಎಫ್. ಅರ್ಜಿಯ ನಕಲನ್ನು ಮಡಚಿ ಊಟದ ಡಬ್ಬಿಯ ಚೀಲಕ್ಕೆ ಹಾಕಿಕೊಂಡು ಕವರನ್ನು ಚಿಕ್ಕಪ್ಪನ ಕೈಗಿಟ್ಟಳು. "ನಂದು ಇನ್ನೊಂದ್ ಜೆರಾಕ್ಸ್ ಮನೇಲೈತೆ. ನಿಮ್ದು ಒರಿಜಿನಲ್ಲು" ಎಂದಳು. ಚಿಕ್ಕಪ್ಪ ಚೀಟಿಯನ್ನು ಹಳೆಯ ಮಡಿಕೆಯಲ್ಲೇ ನಿಧಾನವಾಗಿ ಮಡಿಸಿ ಒಳಗಿಟ್ಟರು. ಜಿಪ್ಪು ಎಳೆಯಲು ಅವರ ಬೆರಳಿಗೆ ಆಗಲಿಲ್ಲ. ಅವಳೇ ಎಳೆದು, ಗಾಳಿ ಹೋಗುವಂತೆ ಅಂಗೈಯಲ್ಲಿ ಒತ್ತಿ ಕೊಟ್ಟು, ವೈಟ್‌ಫೀಲ್ಡಿನಲ್ಲಿ ಇಳಿದು ಹೋದಳು.